ಎರಡು ಗೆರೆ, ಒಂದೇ ರುಜು

ಸಾರೆಲ್ ಕ್ರೀಕ್ ಶಾಲೆಯಿಂದ ಹೊರಗೆ ಹೋಗುವ ಪ್ರತಿ ಕಾಗದದ ಕೊನೆಯಲ್ಲಿ ರುಜುವಿಗೆಂದು ಎರಡು ಗೆರೆಗಳಿರುತ್ತವೆ. ಮೇಲಿನದು ಶಿಕ್ಷಕರದು, ಕೆಳಗಿನದು ಮುಖ್ಯಸ್ಥರದು. ಹತ್ತೊಂಬತ್ತು ವರ್ಷಗಳಿಂದ ಎರಡರ ಮೇಲೂ ಇರುವುದು ಒಂದೇ ಹೆಸರು: ವರ್ಲಾ ಮೋಯೆನ್. ಬೆಂಕಿ ಬಿದ್ದರೆ ಹೊರಗೆ ಓಡುವ ಅಭ್ಯಾಸದ, ಅಂದರೆ ಬೆಂಕಿಯ ಕವಾಯತು ನಡೆಸಿದವರು ವರ್ಲಾ ಮೋಯೆನ್, ಅದು ಸರಿಯಾಗಿ ನಡೆಯಿತೆಂದು ದೃಢೀಕರಿಸಿದವರೂ ಅವರೇ. ಗ್ಯಾಸ್ ಹೀಟರ್ ಪರೀಕ್ಷಿಸಿದವರು, ಪರೀಕ್ಷೆಯ ಮೇಲ್ವಿಚಾರಣೆ ಮಾಡಿದವರು, ಮಕ್ಕಳ ಕಣ್ಣು ನೋಡಿದವರು, ನೋಡಿದ್ದನ್ನು ನೋಡಿದವರು, ಎಲ್ಲರೂ ಅವರೇ. ಅವರ ಹಿಂದೆ ಇಲ್ಲಿದ್ದ ಶಿಕ್ಷಕಿ ಹೀಗೇ ಮಾಡುತ್ತಿದ್ದರು. ಅವರ ಹಿಂದಿನವರೂ ಅಷ್ಟೆ. ಶಾಲೆಗೆ ಇರುವುದು ಒಂದು ಕೋಣೆ, ಕೋಣೆಯಲ್ಲಿ ದೊಡ್ಡವರು ಒಬ್ಬರು. ಕೆಳಗಿನ ಗೆರೆ ಖಾಲಿ ಬಿಟ್ಟರೆ ಕೌಂಟಿ ಕಚೇರಿಯಿಂದ ಕಾಗದ ವಾಪಸ್ ಬರುತ್ತದೆ.

ಈ ಎರಡನೇ ರುಜುವಿಗಾಗಿ ಕಳೆದ ಏಪ್ರಿಲ್‌ನಲ್ಲಿ ಆಸ್ಕೆಲಂಡ್ ವಿಶ್ವವಿದ್ಯಾಲಯ ವರ್ಲಾ ಅವರ ಮೇಲೆ ಮೋಸದ ಆರೋಪ ಹೊರಿಸಿತು.

ವರ್ಲಾ ಅವರಿಗೆ ಈಗ ಐವತ್ಮೂರು. ಹುಟ್ಟಿದ್ದು ಇದೇ ಕಣಿವೆಯಲ್ಲಿ, ಅಕ್ಷರ ಕಲಿತದ್ದು ಇದೇ ಕೋಣೆಯಲ್ಲಿ. ಕಾಲೇಜು ಮುಗಿಸಿ ಒಂದಷ್ಟು ಕಾಲ ಹೊರಗೆ ಪಾಠ ಮಾಡಿ, ದನ ಸಾಕುವ ಲೈಲ್ ಮೋಯೆನ್ ಅವರನ್ನು ಮದುವೆಯಾಗಿ ಮರಳಿ ಬಂದರು. ಮನೆಯಿಂದ ಶಾಲೆಗೆ ಹನ್ನೊಂದು ಮೈಲಿ. ಬೆಳಿಗ್ಗೆ ಮುಕ್ಕಾಲು ಏಳಕ್ಕೆ ಬಂದು ಹೀಟರ್ ಹಚ್ಚುತ್ತಾರೆ, ಇಲಿಬೋನು ನೋಡುತ್ತಾರೆ. ಬಿಸಿಲು ಏರುವ ತಿಂಗಳುಗಳಲ್ಲಾದರೆ ಮೆಟ್ಟಿಲ ಕೆಳಗೆ ಬಾಲ ಗಿಲಕಿಸುವ ವಿಷದ ಗಿಲಿಕೆ ಹಾವು ಇದೆಯೇ ಎಂದು ಸಲಿಕೆಯಿಂದ ತಡಕಿ ನೋಡುತ್ತಾರೆ. ಕಳೆದ ವರ್ಷ ಶಾಲೆಯಲ್ಲಿದ್ದವರು ಮೂರು ಮನೆಗಳ ಆರು ಮಕ್ಕಳು. ಎಲ್ಲರಿಗಿಂತ ಚಿಕ್ಕವಳು ಆರು ವರ್ಷದ ಡೆಲ್ನಿ, ದೊಡ್ಡವಳು ಹದಿಮೂರರ ಬ್ರಿನ್.

ಎರಡು ವರ್ಷದ ಹಿಂದೆ ನಮ್ಮ ಕೌಂಟಿಯ ಶಿಕ್ಷಣ ಮಂಡಳಿ ಒಂದು ನಿಯಮ ಮಾಡಿತು. ಒಂಟಿಯಾಗಿ ನಡೆಯುವ ಯಾವ ಶಾಲೆಯ ಮುಖ್ಯಸ್ಥರಿಗೂ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಡ್., ಇರಬೇಕು. ಗಡುವು ಕಳೆದ ಜೂನ್ ಮೂವತ್ತು. ಇಲ್ಲದಿದ್ದರೆ ಆ ಶಾಲೆಯನ್ನು ಕಾರ್ವರ್ ಪಟ್ಟಣದ ಶಾಲೆಯ ಜೊತೆ ಸೇರಿಸಲಾಗುವುದು. ಸೇರಿಸುವುದೆಂದರೆ ಬಾಗಿಲು ಹಾಕುವುದು. ಕಾರ್ವರ್ ಇರುವುದು ಅರವತ್ತೊಂದು ಮೈಲಿ ಆಚೆ, ಅದರಲ್ಲಿ ಇಪ್ಪತ್ತನಾಲ್ಕು ಮೈಲಿ ಜಲ್ಲಿ ರಸ್ತೆ. ಡೆಲ್ನಿಯಂಥ ಮಗು ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಬೇಕು. ಆ ನಿಯಮ ಮಾಡಿದ ಐದು ಜನರಲ್ಲಿ ಸಾರೆಲ್ ಕ್ರೀಕ್ ಶಾಲೆಯನ್ನು ಕಣ್ಣಿಂದ ನೋಡಿದ್ದವರು ಒಬ್ಬರು, ಅವರೂ ಬೇಟೆಗೆ ಬಂದಾಗ.

ವರ್ಲಾ ಆಸ್ಕೆಲಂಡ್ ಸೇರಿದರು. ಪೂರ್ವಕ್ಕೆ ನೂರ ತೊಂಬತ್ತು ಮೈಲಿ ದೂರದ ಇಟ್ಟಿಗೆ ಕಟ್ಟಡಗಳ ಪುಟ್ಟ ವಿಶ್ವವಿದ್ಯಾಲಯ ಅದು, ಒಟ್ಟು ಒಂಬೈನೂರು ವಿದ್ಯಾರ್ಥಿಗಳು. ‘ಹಳ್ಳಿಯ ಶಿಕ್ಷಕರ ತವರು’ ಎಂದು ಹೆದ್ದಾರಿಯ ಪಕ್ಕ ಅದರ ಫಲಕವಿದೆ.

“ದೊಡ್ಡ ಕಡೆ ಹೋದ್ರೆ ನಮ್ಮಂಥೋರು ಯಾರಿಗೂ ಅರ್ಥ ಆಗಲ್ಲ, ಚಿಕ್ಕದಾದ್ರೆ ಚಿಕ್ಕದರ ಕಷ್ಟ ಗೊತ್ತಿರುತ್ತೆ ಅಂದ್ಕೊಂಡೆ,” ಎಂದು ವರ್ಲಾ ಆಮೇಲೆ, ಈ ಬರಹಕ್ಕೆಂದು ಕೇಳಿದಾಗ, ನನಗೆ ಹೇಳಿದರು. “ನಂದೂ ತಪ್ಪಿದೆ. ಫಲಕ ನಂಬಿದೆ.”

ಎರಡು ವರ್ಷ ಅವರು ಓದಿದ ರೀತಿ ಹೀಗೆ. ಗಾಳಿ ಬೀಸಿದರೆ ಮನೆಯ ಇಂಟರ್ನೆಟ್ ಹೋಗುತ್ತದೆ, ಇಲ್ಲಿ ಗಾಳಿ ಬೀಸದ ದಿನ ಕಡಿಮೆ. ಆದ್ದರಿಂದ ಪ್ರತಿ ಶನಿವಾರ ಕಾರ್ವರ್‌ನ ಗ್ರಂಥಾಲಯಕ್ಕೆ ಹೋಗಿ ವಾರದ ಪಾಠ ಇಳಿಸಿಕೊಂಡು, ಹಿಂದಿನ ವಾರದ ಬರಹ ಕಳಿಸಿ ಬರುತ್ತಿದ್ದರು. ಬೇಸಿಗೆಯಲ್ಲಿ ಆರು ವಾರ ಕ್ಯಾಂಪಸ್ಸಿನ ಹಾಸ್ಟೆಲ್. ಕರು ಹಾಕುವ ಕಾಲದಲ್ಲಿ ದನದ ಕೊಟ್ಟಿಗೆಯಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಓದಿದ್ದೂ ಉಂಟು. ಅಂಕಗಳು ಚೆನ್ನಾಗಿ ಬಂದವು.

ಈ ಓದಿನ ಒಂದು ಬರಹವನ್ನು ಇಲ್ಲಿ ಹೇಳಲೇಬೇಕು, ಮುಂದೆ ಅದು ಬೇಕಾಗುತ್ತದೆ. ಶಾಲಾ ನಾಯಕತ್ವ ಎಂಬ ವಿಷಯವನ್ನು ಕಲಿಸುತ್ತಿದ್ದವರು ಡಾಕ್ಟರ್ ಪ್ರೆಸ್ಕಾಟ್ ಲೋಮನ್. ನಿಮ್ಮ ಶಾಲೆಯಲ್ಲಿ ಸಿಬ್ಬಂದಿ ಸಭೆ ನಡೆಸಿ ನಡಾವಳಿ ಬರೆದು ಕಳಿಸಿ ಎಂದು ಅವರು ಎಲ್ಲರಿಗೂ ಹೇಳಿದರು. ವರ್ಲಾ ಬರೆದ ನಡಾವಳಿ ಇದು: ‘ಹಾಜರಿ: ಒಬ್ಬರು. ಗೈರುಹಾಜರಿ: ಯಾರೂ ಇಲ್ಲ. ವಿಷಯ: ಮೆಟ್ಟಿಲ ಕೆಳಗಿನ ಗಿಲಿಕೆ ಹಾವು. ನಿರ್ಣಯ: ಸಲಿಕೆಯನ್ನು ಇನ್ನು ಮುಂದೆ ಬಾಗಿಲ ಒಳಗಡೆ ಇಡತಕ್ಕದ್ದು. ಸೂಚಿಸಿದವರು ವ. ಮೋಯೆನ್, ಅನುಮೋದಿಸಿದವರು ವ. ಮೋಯೆನ್. ವಿರೋಧವಿಲ್ಲದೆ ಅಂಗೀಕಾರ. ರುಜು: ವರ್ಲಾ ಮೋಯೆನ್, ಶಿಕ್ಷಕಿ. ರುಜು: ವರ್ಲಾ ಮೋಯೆನ್, ಮುಖ್ಯಸ್ಥೆ.’

ಡಾಕ್ಟರ್ ಲೋಮನ್ ಪೂರ್ಣ ಅಂಕ ಕೊಟ್ಟು ಪಕ್ಕದಲ್ಲಿ, ‘ಬಹಳ ಚೆನ್ನಾಗಿದೆ, ಜೋರಾಗಿ ನಕ್ಕೆ’ ಎಂದು ಬರೆದಿದ್ದರು.

ಕೊನೆಗೆ ಉಳಿದದ್ದು ನೂರ ಇಪ್ಪತ್ತು ಗಂಟೆಗಳ ಪ್ರಾಯೋಗಿಕ ತರಬೇತಿ. ಅಭ್ಯರ್ಥಿ ತನ್ನ ಶಾಲೆಯಲ್ಲೇ ಪಾಠ ಮಾಡಿ, ಪ್ರತಿ ದಿನದ್ದನ್ನೂ ದಿನಚರಿಯಲ್ಲಿ ಬರೆದು, ‘ಕಟ್ಟಡದ ಮೇಲ್ವಿಚಾರಕರ’, ಅಂದರೆ ಶಾಲೆಯ ಮುಖ್ಯಸ್ಥರ, ರುಜು ಹಾಕಿಸಿ ಕಳಿಸಬೇಕು. ವರ್ಲಾ ಜನವರಿಯಿಂದ ಏಪ್ರಿಲ್‌ವರೆಗೆ ಬರೆದರು. ಯಾವ ಪಾಠ ಬಿದ್ದುಹೋಯಿತು, ಯಾಕೆ ಬಿತ್ತು, ಯಾವ ಮಗು ಎಲ್ಲಿ ತಡವರಿಸಿತು, ಎಲ್ಲವೂ ಅದರಲ್ಲಿದೆ. ನಾನು ಓದಿದ್ದೇನೆ. ಪ್ರತಿ ಪುಟದ ಕೊನೆಗೆ ಎರಡು ಗೆರೆ. ಪ್ರತಿ ಗೆರೆಯ ಮೇಲೂ ಅವರ ರುಜು, ಕೆಳಗೆ ಅಚ್ಚಕ್ಷರದಲ್ಲಿ ಹೆಸರು.

ಆರು ದಿನದಲ್ಲಿ ಉತ್ತರ ಬಂತು. ‘ನಿಕಟ ಪರಿಶೀಲನೆಯಿಂದ ಎರಡೂ ರುಜುಗಳ ಕೈಬರಹ ಒಂದೇ ವ್ಯಕ್ತಿಯದೆಂದು ಪತ್ತೆಯಾಗಿದೆ. ಮೇಲ್ವಿಚಾರಕರ ರುಜುವಿನ ನಕಲು ಗಂಭೀರ ಅಪರಾಧ. ಪ್ರಾಮಾಣಿಕತಾ ಸಮಿತಿಯ ಮುಂದೆ ಹಾಜರಾಗತಕ್ಕದ್ದು.’ ಅಪರಾಧ ಸಾಬೀತಾದರೆ ವಿಶ್ವವಿದ್ಯಾಲಯದಿಂದ ಹೊರಗೆ.

ಅಡುಗೆಮನೆಯಲ್ಲಿ ವರ್ಲಾ ಅದನ್ನು ಲೈಲ್‌ಗೆ ಓದಿ ಹೇಳಿದರು.

“ಪತ್ತೆ ಆಯ್ತಂತೆ! ನನ್ನ ಹೆಸರು ನಾನೇ ಅಚ್ಚಕ್ಷರದಲ್ಲಿ ಬರ್ದಿದೀನಿ. ಅದನ್ನ ಪತ್ತೆ ಮಾಡೋಕೆ ಪೊಲೀಸ್ ನಾಯಿ ತರಿಸಿದ್ರೇನೋ.”

“ನಾಯಿಗೆ ಓದೋಕೆ ಬರಲ್ಲ ಕಣೇ,” ಎಂದರು ಲೈಲ್, ಬೂಟು ಬಿಚ್ಚುತ್ತ.

“ಇವರಿಗಿಂತ ಚೆನ್ನಾಗಿ ಬರುತ್ತೆ.”

“ಏನೋ ಗೊತ್ತಿಲ್ದೆ ಬರ್ದಿರ್ತಾರೆ. ಫೋನ್ ಮಾಡಿ ಹೇಳು, ನಮ್ಮಲ್ಲಿ ಇರೋಳು ನಾನೊಬ್ಳೇ ಅಂತ.”

“ಮಾಡಿದೆ. ಮೂರು ಸಲ. ‘ಹಾಗಾದ್ರೆ ನಿಮ್ಮ ಮೇಲ್ವಿಚಾರಕರ ಹತ್ರ ಮಾತಾಡ್ಬಹುದಾ’ ಅಂದ್ಳು ಅಲ್ಲಿನ ಆಫೀಸಿನ ಹುಡುಗಿ. ನಾನೇ ಮಾತಾಡ್ತಿರೋದು ಅಂದೆ. ಫೋನ್ ಇಟ್ಬಿಟ್ಳು.”

ಮೇ ಮೂರು, ಶುಕ್ರವಾರ, ವಿಚಾರಣೆ. ಶಾಲೆಗೆ ರಜೆ ಕೊಟ್ಟು ವರ್ಲಾ ಹೊರಟರು. ಜೊತೆಗೆ ಮಾರ್ವಾ ಟ್ರಂಬೋ ಹೋದರು. ಮಾರ್ವಾ ನಮ್ಮ ಶಾಲಾ ಸಮಿತಿಯ ಅಧ್ಯಕ್ಷೆ, ಡೆಲ್ನಿಯ ಅಜ್ಜಿ, ಕರುಗಳಿಗೆ ಬರೆ ಇಟ್ಟು ಒಡೆಯರ ಮುದ್ರೆ ಹಾಕುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರು. ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರ ತುಂಬ ಹತ್ತೊಂಬತ್ತು ವರ್ಷದ ಕಾಗದಗಳು. ವಿಚಾರಣೆಯ ಧ್ವನಿಮುದ್ರಿಕೆಯ ಪ್ರತಿಯನ್ನು ನಿಯಮದ ಪ್ರಕಾರ ವರ್ಲಾ ಅವರಿಗೆ ಕೊಟ್ಟಿದ್ದಾರೆ. ಮುಂದಿನ ಮಾತುಗಳು ಅದರಲ್ಲಿರುವಂಥವೇ.

ಸಮಿತಿಯಲ್ಲಿ ಮೂವರು. ಮೇಜಿನ ನಡುವೆ ಅಧ್ಯಕ್ಷರಾಗಿ ಕೂತಿದ್ದವರು ಡಾಕ್ಟರ್ ಲೋಮನ್.

“ಮಿಸೆಸ್ ಮೋಯೆನ್, ನಿಮ್ಮ ಜೊತೆ ಬಂದವರು ಇಲ್ಲಿ ಕೂರಬಹುದು. ಮಾತಾಡೋ ಹಾಗಿಲ್ಲ.”

“ಉಸಿರಾಡಬಹುದಾ?” ಎಂದರು ಮಾರ್ವಾ.

“ಅಮ್ಮಾ, ದಯವಿಟ್ಟು.”

“ಆಯ್ತಪ್ಪಾ. ಸಣ್ಣದಾಗಿ ಆಡ್ತೀನಿ.”

ಲೋಮನ್ ದಿನಚರಿಯ ಒಂದು ಪುಟ ಎತ್ತಿ ತೋರಿಸಿದರು. “ಈ ಕೆಳಗಿನ ರುಜು ಯಾರದ್ದು?”

“ನಂದು.”

“ಮೇಲಿನದು?”

“ಅದೂ ನಂದೇ.”

“ಅಂದ್ರೆ, ನಿಮ್ಮನ್ನ ನೀವೇ ಗಮನಿಸಿ, ಚೆನ್ನಾಗಿ ಮಾಡ್ದೆ ಅಂತ ನೀವೇ ಬರ್ಕೊಂಡ್ರಿ.”

“ಚೆನ್ನಾಗಿ ಮಾಡ್ದೆ ಅಂತ ಎಲ್ಲೂ ಬರ್ದಿಲ್ಲ ಸರ್. ಫೆಬ್ರವರಿ ಒಂಬತ್ತನೇ ತಾರೀಖು ತೆಗೀರಿ. ಭಿನ್ನರಾಶಿ ಪಾಠ ಪೂರ್ತಿ ಕೆಡಿಸ್ದೆ ಅಂತ ಬರ್ದಿದೀನಿ. ಮೇಲ್ವಿಚಾರಕಿ ಷರಾದಲ್ಲಿ, ‘ಒಪ್ಪುತ್ತೇನೆ’ ಅಂತಲೂ ಬರ್ದಿದೀನಿ.”

ಮಾರ್ವಾ ನಕ್ಕದ್ದು ಮುದ್ರಿಕೆಯಲ್ಲಿ ಕೇಳಿಸುತ್ತದೆ.

“ಕಟ್ಟಡದ ಮೇಲ್ವಿಚಾರಕರು ಅಂದ್ರೆ ಬೇರೆ ವ್ಯಕ್ತಿ ಅನ್ನೋದು ಸಹಜ ತಿಳಿವಳಿಕೆ.”

“ನಮ್ಮ ಕಟ್ಟಡದ ಮೇಲ್ವಿಚಾರಕಿ ನಾನು. ಕೌಂಟಿ ಕೊಟ್ಟ ನೇಮಕದ ಕಾಗದ ಇಲ್ಲಿದೆ. ಇದು ಬೆಂಕಿ ಕವಾಯತು. ಇದು ಹೀಟರು. ಇದು ಕಣ್ಣಿನ ಪರೀಕ್ಷೆ. ಎಲ್ಲಾದ್ರಲ್ಲೂ ಎರಡು ರುಜು, ಎರಡೂ ನಂದು. ಸರ್ಕಾರ ಹತ್ತೊಂಬತ್ತು ವರ್ಷದಿಂದ ತಗೊಂಡಿದೆ.” ಕಾಗದದ ಕಟ್ಟುಗಳನ್ನು ಮೇಜಿನ ಮೇಲೆ ಇಡುವ ಸದ್ದು, ಒಂದಾದ ಮೇಲೊಂದು. “ಇದೊಂದು ನಿಮಗೆ ಗೊತ್ತಿರುತ್ತೆ. ಸಿಬ್ಬಂದಿ ಸಭೆ. ಹಾಜರಿ ಒಬ್ಬರು. ಕೆಳಗೆ ಎರಡು ರುಜು. ಪಕ್ಕದಲ್ಲಿ ಕೆಂಪು ಶಾಯಿ ನಿಮ್ಮದು.”

ಇಲ್ಲಿ ಆ ಕಾಗದವನ್ನು ಎಳೆದುಕೊಳ್ಳುವ ಸದ್ದಿದೆ. 

“ಅದು ತರಗತಿಯ ಅಭ್ಯಾಸ,” ಎಂದರು ಲೋಮನ್. “ಇದು ಅಧಿಕೃತ ದಾಖಲೆ. ಎರಡನ್ನೂ ಸೇರಿಸಬೇಡಿ.”

“ಅವತ್ತು ನಕ್ಕಿದ್ರಂತೆ.”

“ಮಿಸೆಸ್ ಮೋಯೆನ್.”

“ನಮ್ಮ ಶಾಲೇಲಿ ನಾನೊಬ್ಳೇ ಅನ್ನೋದು ಅವತ್ತು ನಿಮಗೆ ತಮಾಷೆ. ಇವತ್ತು ಅಪರಾಧ. ನಡುವೆ ನಾನೇನು ಬದಲಾಯಿಸ್ದೆ, ಅದನ್ನ ಹೇಳಿ.”

 ಸಮಿತಿ ಒಳಕೋಣೆಗೆ ಹೋಗಿ ಇಪ್ಪತ್ತು ನಿಮಿಷದ ಮೇಲೆ ಹೊರಬಂತು. ತೀರ್ಮಾನ ಹೀಗಿತ್ತು: ಅಭ್ಯರ್ಥಿ ಬೇಕೆಂದೇ ಮೋಸ ಮಾಡಿದ್ದಾರೆ ಎನ್ನಲಾಗದು, ಇದು ‘ತಿಳಿವಳಿಕೆಯ ಕೊರತೆ’. ಆದ್ದರಿಂದ ಹೊರಹಾಕುವುದಿಲ್ಲ. ಆದರೆ ನೂರ ಇಪ್ಪತ್ತು ಗಂಟೆಗಳೂ ರದ್ದು. ಸೆಪ್ಟೆಂಬರ್‌ನಲ್ಲಿ ಕಾರ್ವರ್‌ನಂಥ ದೊಡ್ಡ ಶಾಲೆಯಲ್ಲಿ ಮತ್ತೆ ಮಾಡಬಹುದು.

“ಸೆಪ್ಟೆಂಬರಲ್ಲಿ ನನ್ನ ಶಾಲೆ ಇರಲ್ಲ,” ಎಂದರು ವರ್ಲಾ. “ಜೂನ್ ಮೂವತ್ತಕ್ಕೆ ಪದವಿ ತೋರಿಸ್ದೇ ಇದ್ರೆ ಬಾಗಿಲು ಹಾಕ್ತಾರೆ. ಅದೂ ನಿಮಗೆ ಬರ್ದಿದ್ದೆ, ಮೊದಲನೇ ಅರ್ಜೀಲೇ.”

“ಅದು ನಮ್ಮ ವ್ಯಾಪ್ತಿಗೆ ಬರೋ ವಿಷಯ ಅಲ್ಲ.”

“ಹಾಗಾದ್ರೆ ನಿಮ್ಮೋರನ್ನೇ ಒಬ್ಬರನ್ನ ನಮ್ಮಲ್ಲಿಗೆ ಕಳಿಸಿ. ಊಟ, ಹಾಸಿಗೆ ನಾನು ಕೊಡ್ತೀನಿ.”

“ಅರವತ್ತು ಮೈಲಿಗಿಂತ ದೂರಕ್ಕೆ ಕಳಿಸೋ ಪದ್ಧತಿ ಇಲ್ಲ.”

“ಹಳ್ಳಿ ಶಿಕ್ಷಕರ ತವರು!” ಎಂದು ಮಾರ್ವಾ ಹೇಳಿದ್ದನ್ನು ‘ಅನಧಿಕೃತ ಮಾತು’ ಎಂದು ನಡಾವಳಿಯಲ್ಲಿ ದಾಖಲಿಸಲಾಗಿದೆ.

ವರ್ಲಾ ಏಳಲಿಲ್ಲ. ಎದುರಿಗಿದ್ದ ನಿಯಮಾವಳಿಯನ್ನು ತೆಗೆದು ಅಲ್ಲೇ ಕೂತು ಓದಿದರು. ಮಕ್ಕಳಿಗೆ ಅವರು ಹೇಳಿಕೊಡುವುದೂ ಅದನ್ನೇ: ಪ್ರಶ್ನೆ ಅರ್ಥವಾಗದಿದ್ದರೆ ಅಳಬೇಡ, ಇನ್ನೊಂದು ಸಲ ಓದು. ಅನುಬಂಧದಲ್ಲಿ ಒಂದು ಸಾಲಿತ್ತು. ಕಟ್ಟಡದ ಮೇಲ್ವಿಚಾರಕರು ಲಭ್ಯವಿಲ್ಲದಿದ್ದಲ್ಲಿ ವೀಕ್ಷಕರೊಬ್ಬರು ರುಜು ಹಾಕಬಹುದು. ವೀಕ್ಷಕರು ಯಾವುದಾದರೂ ಸ್ನಾತಕೋತ್ತರ ಪದವಿ ಪಡೆದಿರಬೇಕು, ಅಭ್ಯರ್ಥಿಯ ರಕ್ತಸಂಬಂಧಿ ಅಥವಾ ಮದುವೆಯಿಂದಾದ ಸಂಬಂಧಿ ಆಗಿರಬಾರದು, ಪೂರ್ತಿ ಅವಧಿ ಅದೇ ಕಟ್ಟಡದಲ್ಲಿ ಹಾಜರಿರಬೇಕು.

“ಯಾವುದಾದರೂ ಅಂದ್ರೆ ಯಾವ್ದಾದ್ರೂ ತಾನೇ?” ಎಂದು ಕೇಳಿದರು.

“ಹೌದು, ಹಾಗೇ ಬರೆದಿದೆ,” ಎಂದರು ಲೋಮನ್.

ನಮ್ಮ ಕಣಿವೆಯಲ್ಲಿ ಸ್ನಾತಕೋತ್ತರ ಪದವಿ ಇರುವವರು ಒಬ್ಬರೇ, ನಿವೃತ್ತ ಪಾದ್ರಿ ಆರ್ಲೋ ಕ್ವಾಮೆ. ವಯಸ್ಸು ಎಂಬತ್ತೆರಡು. ಐವತ್ತು ಚಿಲ್ಲರೆ ವರ್ಷದ ಹಿಂದೆ ದೈವಶಾಸ್ತ್ರದಲ್ಲಿ ಪಡೆದ ಪದವಿ ಅವರ ಬಚ್ಚಲುಮನೆಯ ಹೊರಗೋಡೆಯಲ್ಲಿ ತೂಗುತ್ತಿದೆ. ಎಡಗಿವಿ ಕೇಳುವುದಿಲ್ಲ. ಹೃದಯಕ್ಕೆಂದು ತೆಗೆದುಕೊಳ್ಳುವ ಮಾತ್ರೆಯಿಂದ ನಿದ್ದೆ ಬರುತ್ತದೆ. ವರ್ಲಾ ಮತ್ತು ಲೈಲ್ ಅವರ ಮದುವೆ ಮಾಡಿಸಿದವರೂ ಅವರೇ. ಅದು ಸಂಬಂಧದ ಲೆಕ್ಕಕ್ಕೆ ಬರುವುದಿಲ್ಲ ಎಂದು ವರ್ಲಾ ಫೋನ್ ಮಾಡಿ ಖಚಿತಪಡಿಸಿಕೊಂಡರು.

“ಇಪ್ಪತ್ತು ದಿನ ಶಾಲೇಲಿ ಬಂದು ಕೂರ್ಬೇಕು ಪಾದ್ರಿಗಳೇ. ದಿನಕ್ಕೆ ಆರು ಗಂಟೆ.”

“ಕೂತ್ಕೊಂಡು ಏನ್ಮಾಡ್ಲಿ ಮಗಾ?”

“ನನ್ನನ್ನ ನೋಡ್ಬೇಕು.”

“ನಿನ್ನನ್ನ ಐವತ್ತು ವರ್ಷದಿಂದ ನೋಡ್ತಿದೀನಲ್ಲ. ನಿನಗೆ ಹೆಸರಿಟ್ಟ ಜ್ಞಾನಸ್ನಾನದ ದಿನ ನನ್ನ ಕನ್ನಡಕ ಕಿತ್ಕೊಂಡೋಳು ನೀನು.” ಸ್ವಲ್ಪ ಯೋಚಿಸಿ, “ನಾನು ನಿದ್ದೆ ಮಾಡ್ಬಿಡ್ತೀನಿ, ಅಷ್ಟೇ ಭಯ,” ಎಂದರು.

“ನಿಯಮದಲ್ಲಿ ಹಾಜರಿರ್ಬೇಕು ಅಂತಿದೆ. ಎಚ್ಚರ ಇರ್ಬೇಕು ಅಂತಿಲ್ಲ.”

ಮೇ ಆರರ ಸೋಮವಾರ ಶುರುವಾಯಿತು. ಶಾಲೆಯ ವರ್ಷ ಮುಗಿಯಬೇಕಿದ್ದದ್ದು ಇಪ್ಪತ್ತೆರಡಕ್ಕೆ. ನೂರ ಇಪ್ಪತ್ತು ಗಂಟೆ ತುಂಬಲು ಇನ್ನೂ ಏಳು ದಿನ ಬೇಕಿತ್ತು. ಮಾರ್ವಾ ಮೂರು ಮನೆಗಳಿಗೂ ಹೋಗಿ ಬಂದರು. ಮುದ್ರೆ ಹಾಕುವ ಸುಗ್ಗಿಯಲ್ಲಿ ದೊಡ್ಡ ಮಕ್ಕಳ ಕೈ ಎಷ್ಟು ಬೇಕಾಗುತ್ತದೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆದರೂ ಮೂರು ಮನೆಯವರೂ, ನಡುವಿನ ಒಂದು ಸರ್ಕಾರಿ ರಜೆ ಬಿಟ್ಟು, ಜೂನ್ ಮೂರರವರೆಗೆ ಮಕ್ಕಳನ್ನು ಕಳಿಸಲು ಒಪ್ಪಿದರು.

ಲೈಲ್ ಪ್ರತಿ ಬೆಳಿಗ್ಗೆ ಪಾದ್ರಿಗಳನ್ನು ಕರೆತಂದು ಹೀಟರ್ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದರು. ಅವರ ಕೈಯಲ್ಲಿ ಕಾಫಿ ಫ್ಲಾಸ್ಕು, ಮಡಿಲಲ್ಲಿ ದಿನಚರಿ. ಮೊದಲ ದಿನ ಪ್ರಾರ್ಥನೆಗೆ ಕೂತಂತೆ ನೆಟ್ಟಗೆ ಕೂತು ಗಮನಿಸಿದರು. ಒಂಬತ್ತೂವರೆಗೆ ತಲೆ ವಾಲಿತು. ಎದ್ದದ್ದು ಊಟದ ಗಂಟೆಗೆ.

ಆ ಸಂಜೆ ವರ್ಲಾ ದಿನಚರಿ ತೆರೆದು ಪೆನ್ನು ಹಿಡಿದು ಕೂತಾಗ ಲೈಲ್ ಪಕ್ಕದಲ್ಲಿ ನಿಂತಿದ್ದರು.

“ನಿದ್ದೆ ವಿಷಯ ಬರೀಬೇಡ ವರ್ಲಾ.”

“ಯಾಕೆ?”

“ಯಾಕೆ ಅಂತ ಕೇಳ್ತೀಯಲ್ಲ! ಅದನ್ನ ಓದಿದ್ರೆ ಇದನ್ನೂ ರದ್ದು ಮಾಡ್ತಾರೆ. ಶಾಲೆ ಹೋಗುತ್ತೆ. ಬಾಯಿ ಮುಚ್ಕೊಂಡು ಡಿಗ್ರಿ ತಗೋ, ಆಮೇಲೆ ಬೇಕಾದ್ರೆ ಬಯ್ಯಿ.”

“ನಿಜ ಬರ್ದಿದ್ದಕ್ಕೆ ಸುಳ್ಳು ಅಂದ್ರು. ಈಗ ಸುಳ್ಳು ಬರ್ದು ನಿಜ ಅನ್ನಿಸ್ಕೊಳ್ಲಾ? ಅವರು ಹೇಳಿದ್ದು ಸರಿ ಅಂತ ನಾನೇ ಮಾಡಿ ತೋರಿಸಿದ ಹಾಗಾಗುತ್ತೆ.”

“ಆರು ಮಕ್ಕಳಿದಾರೆ ಕಣೇ.”

“ಗೊತ್ತು. ಅವರೆದುರಿಗೇ ಬರೀಬೇಕಾಗಿರೋದು.”

ಲೈಲ್ ಪಾದ್ರಿಗಳಿಗೆ ಫೋನ್ ಮಾಡಿದರು, ಅವರಾದರೂ ಬುದ್ಧಿ ಹೇಳಲಿ ಎಂದು. ಪಾದ್ರಿಗಳು ಸಿಟ್ಟಾದದ್ದು ಲೈಲ್ ಮೇಲೆ. “ನಲವತ್ತು ವರ್ಷ ಸುಳ್ಳು ಸಾಕ್ಷಿ ಹೇಳ್ಬೇಡಿ ಅಂತ ಬೋಧಿಸ್ದೆ ಕಣಯ್ಯಾ. ನೀನು ಮೂರನೇ ಸಾಲಲ್ಲಿ ಕೂತು ನಿದ್ದೆ ಮಾಡ್ತಿದ್ದೆ ಅಂತ ಕಾಣುತ್ತೆ. ಬರೀಲಿ. ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ ಅಂತ ಸರಿಯಾಗಿ ಬರೀಲಿ.”

ಸರಿಯಾಗಿ ಬರೆಯಲು ಗಡಿಯಾರ ನೋಡುವವರು ಬೇಕಿತ್ತು. ಡೆಲ್ನಿಗೆ ಆಗ ಮುಳ್ಳಿನ ಗಡಿಯಾರ ಓದಲು ಬರುತ್ತಿರಲಿಲ್ಲ. ವರ್ಲಾ ಆ ಕೆಲಸವನ್ನು ಅವಳಿಗೇ ಕೊಟ್ಟರು. “ಟೀಚರ್, ಮಲಗಿದ್ರು! ದೊಡ್ಡ ಮುಳ್ಳು ನಾಲ್ಕರ ಮೇಲಿದೆ!” ಎಂದು ಅವಳು ಪಿಸುಗುಟ್ಟಿದರೆ ಇಡೀ ಶಾಲೆಗೆ ಕೇಳಿಸುತ್ತಿತ್ತು, ಪಾದ್ರಿಗಳೊಬ್ಬರನ್ನು ಬಿಟ್ಟು. ಮಧ್ಯದ ತರಗತಿಯವರು ಗಂಟೆ ನಿಮಿಷ ಕಳೆದು ಅವಧಿ ತೆಗೆದರು. ಬ್ರಿನ್ ವಾರದ ಸರಾಸರಿ ಹಾಕಿ, ದಿನಕ್ಕೊಂದು ಕಂಬದಂತೆ ಬಣ್ಣದ ಪೆನ್ಸಿಲಿನಿಂದ ದೊಡ್ಡ ನಕ್ಷೆ ಬರೆದಳು. ಫೆಬ್ರವರಿಯಲ್ಲಿ ಕೆಟ್ಟುಹೋಗಿದ್ದ ಭಿನ್ನರಾಶಿ ಈ ಸಲ ಮಕ್ಕಳ ತಲೆಗೆ ಹೋಯಿತು. ಪಾದ್ರಿಗಳು ದಿನದ ಎಷ್ಟನೇ ಒಂದು ಭಾಗ ಮಲಗಿದರು ಎಂಬುದು ಅವರಿಗೆ ಬೇಕಾದ ಪ್ರಶ್ನೆಯಾಗಿತ್ತು.

ಪಾದ್ರಿಗಳು ಎಚ್ಚರವಿದ್ದಾಗ ಬರೆದ ಷರಾಗಳೂ ದಿನಚರಿಯಲ್ಲಿವೆ. ಮೇ ಹದಿನಾಲ್ಕರದು ಹೀಗಿದೆ: ‘ಇಂದು ಎರಡೂ ಕಾಲು ಗಂಟೆ ಎಚ್ಚರವಿದ್ದೆ. ಒಂದೇ ಹೊತ್ತಿನಲ್ಲಿ ಒಂದು ಮಗುವಿಗೆ ಓದು, ಎರಡಕ್ಕೆ ಗುಣಾಕಾರ, ಒಂದಕ್ಕೆ ಮೂಗು ಒರೆಸುವುದು ನಡೆಯಿತು. ಯಾರೂ ಕಾಯಲಿಲ್ಲ. ಇದನ್ನು ಹೇಗೆ ಮಾಡುತ್ತಾಳೆಂದು ತಿಳಿಯಲು ಯತ್ನಿಸುತ್ತಿರುವಾಗ ನಿದ್ದೆ ಬಂತು. ಕ್ಷಮೆ ಇರಲಿ.’ ಆಸ್ಕೆಲಂಡ್‌ನಿಂದ ಯಾರೇ ಬಂದು ಕೂತಿದ್ದರೂ ಇದಕ್ಕಿಂತ ಸರಿಯಾದ ಮಾತು ಬರೆಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಜೂನ್ ಮೂರಕ್ಕೆ ಮುಗಿಯಿತು. ನೂರ ಇಪ್ಪತ್ತು ಗಂಟೆಗಳಲ್ಲಿ ವೀಕ್ಷಕರು ನಿದ್ದೆ ಮಾಡಿದ್ದು ಎಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟೂ ದಿನಚರಿಯಲ್ಲಿ ಇತ್ತು, ತಾರೀಖು ಸಮೇತ. ಕೊನೆಯ ಪುಟಕ್ಕೆ ಮಕ್ಕಳ ನಕ್ಷೆಯ ಪ್ರತಿ ಅಂಟಿಸಲಾಗಿತ್ತು, ಮೇಲೆ ಬ್ರಿನ್‌ಳ ಅಕ್ಷರದಲ್ಲಿ ತಲೆಬರಹ: ‘ಪಾದ್ರಿ ಕ್ವಾಮೆ ಅವರ ನಿದ್ದೆ’. ಪ್ರತಿ ಪುಟದಲ್ಲೂ ಮೇಲಿನ ಗೆರೆಯಲ್ಲಿ ವರ್ಲಾ, ಕೆಳಗಿನದರಲ್ಲಿ ಆರ್ಲೋ ಕ್ವಾಮೆ.

ಜೂನ್ ನಾಲ್ಕಕ್ಕೆ ಅಂಚೆಗೆ ಹಾಕಿದರು. ಆಮೇಲೆ ಎರಡು ವಾರ ಯಾರೂ ಆ ಮಾತೆತ್ತಲಿಲ್ಲ. ಚರ್ಚಿನಲ್ಲಿ ಕಾಫಿ ಹೊತ್ತಿಗೆ ವರ್ಲಾ ಹತ್ತಿರ ಬಂದರೆ ಜನ ಹುಲ್ಲು ಕೊಯ್ಲಿನ ವಿಷಯ ಶುರು ಮಾಡುತ್ತಿದ್ದರು. ಡೆಲ್ನಿಯ ತಾಯಿ ಕಾರ್ವರ್ ಬಸ್ಸಿನ ವೇಳೆ ವಿಚಾರಿಸಿದ್ದು ವರ್ಲಾ ಕಿವಿಗೂ ಬಿತ್ತು. 

ಜೂನ್ ಹತ್ತೊಂಬತ್ತಕ್ಕೆ ಪತ್ರ ಬಂತು. ‘ನಿಮ್ಮ ಕಡತ ಪರಿಪೂರ್ಣವಾಗಿದೆ. ಅಭಿನಂದನೆಗಳು.’ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಉನ್ನತ ದರ್ಜೆ. ಅದೇ ದಿನ ಪಾದ್ರಿಗಳಿಗೂ ದಪ್ಪ ಕಾಗದದ ಪ್ರಶಂಸಾಪತ್ರ ಬಂತು: ‘ತಮ್ಮ ಜಾಗರೂಕ ಮೇಲ್ವಿಚಾರಣೆಗಾಗಿ ವಿಶ್ವವಿದ್ಯಾಲಯ ಋಣಿಯಾಗಿದೆ.’

ಪಾದ್ರಿಗಳು ನಗಲಿಲ್ಲ. ನಾನು ಅವರನ್ನು ಆ ದಿನ ಕಂಡೆ. ಪತ್ರವನ್ನು ಎರಡು ಸಲ ಓದಿ ಮೇಜಿನ ಮೇಲೆ ಬೋರಲು ಹಾಕಿದರು. “ಆ ಹೆಣ್ಣುಮಗಳು ಒಂದು ದಿನಾನೂ ಕಣ್ಣು ಮುಚ್ಚಿಲ್ಲ. ಅವಳ ರುಜು ಬೇಡ ಇವರಿಗೆ. ಗೊರಕೆ ಹೊಡೆದೋನ ರುಜು ಬೇಕು,” ಎಂದರು. “ಒಬ್ಬರಾದ್ರೂ ಒಂದು ಪುಟ ತೆಗೆದು ಓದ್ಬಾರದಿತ್ತಾ?”

ಇಪ್ಪತ್ತೆಂಟನೇ ತಾರೀಖು ಕೌಂಟಿ ಮಂಡಳಿ ಪದವಿಪತ್ರ ನೋಡಿ ಸಾರೆಲ್ ಕ್ರೀಕ್ ಶಾಲೆಯ ಹೆಸರನ್ನು ಪಟ್ಟಿಯಲ್ಲಿ ಉಳಿಸಿತು. ನಾಲ್ಕು ನಿಮಿಷದ ಕೆಲಸ. ಮಾರ್ವಾ ಹೊರಗೆ ಬಂದು ವರ್ಲಾರನ್ನು ಅಪ್ಪಿಕೊಂಡು, “ಇನ್ನು ಸುಮ್ನಿರು ಮಾರಾಯ್ತಿ,” ಎಂದರು.

“ಶಾಲೆ ಮಕ್ಕಳದ್ದು, ಅದಕ್ಕೆ ಇಲ್ಲೀವರೆಗೆ ಸುಮ್ನಿದ್ದೆ,” ಎಂದರು ವರ್ಲಾ. “ಸಿಟ್ಟು ನಂದು.”

ಜುಲೈ ಒಂದಕ್ಕೆ ಅವರು ಸಮಿತಿಗೆ ಪತ್ರ ಬರೆದರು, ಒಂದೇ ಪುಟ. ಜನವರಿಯಿಂದ ಏಪ್ರಿಲ್‌ವರೆಗಿನ ದಿನಚರಿ ಮತ್ತು ಮೇ ತಿಂಗಳ ದಿನಚರಿ ಎರಡೂ ನಿಮ್ಮಲ್ಲಿವೆ, ಎರಡರಲ್ಲಿ ಯಾವುದು ಸುಳ್ಳು ಎಂದು ತಿಳಿಸಿ. ಎರಡೂ ನಿಜವಾದರೆ ಮೊದಲಿನದನ್ನು ಮಾನ್ಯ ಮಾಡಿ, ‘ತಿಳಿವಳಿಕೆಯ ಕೊರತೆ’ ಎಂಬ ಮಾತನ್ನು ನನ್ನ ಕಡತದಿಂದ ತೆಗೆಯಿರಿ. ಎರಡನೆಯದು ಸಾಲದೆಂದು ಅನ್ನಿಸಿದರೆ ಪದವಿ ವಾಪಸ್ ಪಡೆಯಿರಿ, ಕಳಿಸುತ್ತೇನೆ.

ಲೈಲ್ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಉತ್ತರ ಬರಲಿಲ್ಲ, ಡಾಕ್ಟರ್ ಲೋಮನ್ ಅವರ ಫೋನ್ ಬಂತು. ವರ್ಲಾ ತೋಟದಲ್ಲಿ ರೂಬಾರ್ಬ್ ಗಿಡದ ಹುಳಿ ದಂಟು ಕೊಯ್ಯುತ್ತಿದ್ದರು. ಲೈಲ್ ಪಕ್ಕದಲ್ಲೇ ಇದ್ದು ಕೇಳಿಸಿಕೊಂಡರು, ಇಬ್ಬರೂ ನನಗೆ ಹೇಳಿದ್ದು ಒಂದೇ ರೀತಿಯಿದೆ.

“ಎಲ್ಲಾ ಸುಖವಾಗಿ ಮುಗೀತಲ್ಲ ಮಿಸೆಸ್ ಮೋಯೆನ್. ಈಗ್ಯಾಕೆ ಕೆದಕ್ತೀರಿ?”

“ದಿನಚರಿ ಓದಿದ್ರಾ ಸರ್?”

“ಕಚೇರಿಯೋರು ಪರಿಶೀಲಿಸಿದ್ದಾರೆ. ಕಾಲಂಗಳೆಲ್ಲ ಭರ್ತಿಯಾಗಿದ್ವು.”

“ಓದಿದ್ರಾ ಅಂತ ಕೇಳ್ದೆ.”

“ನೋಡಿ, ಈ ಸಲ ಎರಡು ರುಜು ಬೇರೆ ಬೇರೆ ಇದ್ವು. ನಮಗೆ ಬೇಕಾಗಿದ್ದು ಅಷ್ಟೇ. ಪದವಿ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ.”

“ಓದೋ ಪದ್ಧತಿ?”

ಲೋಮನ್ ಅವರಿಗೆ ಬೇರೆ ಕರೆ ಬಂದಿತ್ತಂತೆ. ‘ತಿಳಿವಳಿಕೆಯ ಕೊರತೆ’ ಎಂಬ ಷರಾ ವರ್ಲಾ ಅವರ ಕಡತದಲ್ಲಿ ಇವತ್ತಿಗೂ ಹಾಗೇ ಇದೆ. ಈ ಬರಹಕ್ಕಾಗಿ ನಾನು ವಿಶ್ವವಿದ್ಯಾಲಯಕ್ಕೆ ಎರಡು ಸಲ ಬರೆದೆ. ನಿಯಮಾವಳಿಯ ಹೊಸ ಮುದ್ರಣದ ಪ್ರತಿಯನ್ನು ಕಳಿಸಿದರು. ಅನುಬಂಧದಲ್ಲಿ ಒಂದು ಸಾಲು ಸೇರಿದೆ: ‘ಅಭ್ಯರ್ಥಿ ಮತ್ತು ಮೇಲ್ವಿಚಾರಕರು ಒಂದೇ ವ್ಯಕ್ತಿ ಆಗಿರಬಾರದು.’ ನಿದ್ದೆಯ ಬಗ್ಗೆ ಏನೂ ಇಲ್ಲ.

ಪದವಿಪತ್ರ ಬಂದ ಕೊಳವೆಯಲ್ಲೇ ಇದೆ, ಶಾಲೆಯ ಬೀರುವಿನ ಮೇಲೆ, ಭೂಪಟಗಳ ಪಕ್ಕದಲ್ಲಿ. ಗೋಡೆಯಲ್ಲಿರುವುದು ಬ್ರಿನ್ ಬರೆದ ನಕ್ಷೆ. ಬ್ರಿನ್ ಈಗ ಕಾರ್ವರ್‌ನ ಪ್ರೌಢಶಾಲೆಯಲ್ಲಿದ್ದಾಳೆ. ಸಾರೆಲ್ ಕ್ರೀಕ್‌ನಲ್ಲಿ ಐದು ಮಕ್ಕಳು ಉಳಿದಿದ್ದಾರೆ.

ಸೆಪ್ಟೆಂಬರ್ ಎರಡನೇ ವಾರ ವರ್ಷದ ಮೊದಲ ಬೆಂಕಿ ಕವಾಯತು ನಡೆದಾಗ ನಾನು ಅಲ್ಲಿದ್ದೆ. ವರ್ಲಾ ಗಂಟೆ ಬಾರಿಸಿದರು. ಐವರೂ ಧ್ವಜಸ್ತಂಭದ ಹತ್ತಿರ ಹೋಗಿ ಸಾಲಾಗಿ ನಿಂತರು. ಡೆಲ್ನಿ ವರ್ಲಾ ಅವರ ಕೈಗಡಿಯಾರ ನೋಡಿಕೊಂಡೇ ಓಡಿದ್ದಳು.

“ಒಂದು ನಿಮಿಷ ಹತ್ತು ಸೆಕೆಂಡ್, ಟೀಚರ್.”

“ಹೋದ ವರ್ಷ ಐವತ್ತೈದೇ ಸೆಕೆಂಡ್ ಇತ್ತು. ಯಾರು ತಡ?”

“ನೀವು. ಬಾಗಿಲು ಹಾಕೋಕೆ ನಿಂತ್ರಿ.”

ವರ್ಲಾ ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ಬರೆದರು: ‘ಒಂದು ನಿಮಿಷ ಹತ್ತು ಸೆಕೆಂಡ್. ವಿಳಂಬಕ್ಕೆ ಕಾರಣ ಶಿಕ್ಷಕಿ.’ ಮೇಲಿನ ಗೆರೆಯಲ್ಲಿ ರುಜು ಹಾಕಿದರು. ಕೆಳಗೆ ಮುಖ್ಯಸ್ಥರ ಷರಾಕ್ಕೆಂದು ಇದ್ದ ಜಾಗದಲ್ಲಿ, ‘ಒಪ್ಪುತ್ತೇನೆ’ ಎಂದು ಬರೆದು ಅಲ್ಲಿಯೂ ರುಜು ಹಾಕಿದರು.